ಮಿಂಚೊ ಗೆರ್ಗೊವ್ ಅವರ ಭಾವಚಿತ್ರ ಮತ್ತು ನೆವೆನಾ ಕಸಾಬೋವಾ

2024ರ ನವೆಂಬರ್ 12, ಮಂಗಳವಾರ, ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ರಾಯ್ನಾ ಗೆರ್ಗೊವಾ ಎಂಬ ಓದುಗರು ನಮ್ಮ ಪತ್ರಿಕಾ ಕಚೇರಿಗೆ ಫೋನ್ ಮಾಡಿ, ತೀರಿಕೊಂಡ ತಮ್ಮ ಗಂಡ ಮಿಂಚೊ ಗೆರ್ಗೊವ್ ನಮ್ಮ ಜಾಲತಾಣದ ಫೋಟೊದಲ್ಲಿ ನಗುತ್ತಿದ್ದಾರೆಯೇ ಎಂದು ಕೇಳಿದರು. ಫೋನ್ ಎತ್ತಿದವರು ನೆವೆನಾ ಕಸಾಬೋವಾ.

ನಮ್ಮ ರುಸೆ ನಗರದಲ್ಲಿ ಜಾಲತಾಣ ವಿನ್ಯಾಸವನ್ನು ಒಂದು ಶಿಸ್ತಾಗಿ ಬೆಳೆಸಿದವರಲ್ಲಿ ಶ್ರೀಮತಿ ಕಸಾಬೋವಾ ಮೊದಲಿಗರು. 1988ರಲ್ಲಿ ಮುದ್ರಣ ವಿಭಾಗಕ್ಕೆ ಸೇರಿದ ಅವರು, 1999ರಲ್ಲಿ ಪತ್ರಿಕೆಯ ಜಾಲತಾಣವನ್ನು ಒಬ್ಬರೇ ಕಟ್ಟಿದರು. ಅಂದು ಸರಿಯೆನಿಸಿದ್ದ ವಿಧಾನವನ್ನು ಐದು ವರ್ಷಗಳಲ್ಲಿ ಆ ಕ್ಷೇತ್ರದ ತಜ್ಞರೇ ತಪ್ಪೆಂದರು. ಅವರು ಅದನ್ನು ಕೆಡವಿ ಮತ್ತೆ ಕಟ್ಟಿದರು. ಸ್ಮಾರ್ಟ್‌ಫೋನ್‌ಗಳು ಬಂದಾಗ ಮೂರನೆಯ ಸಲ ಕಟ್ಟಿದರು. "ಮಾನದಂಡ ಅಂದ್ರೆ ಏನು ಅಂತ ಇಪ್ಪತ್ತೈದು ವರ್ಷದಿಂದ ಓದ್ತಾ ಇದೀನಿ, ಓದಿದಷ್ಟೂ ಗೊಂದಲ," ಎನ್ನುತ್ತಿದ್ದರು. 2006ರಲ್ಲಿ ನನ್ನ ವರದಿಯೊಂದರಲ್ಲಿ ಸೇತುವೆಯ ಉದ್ದ ತಪ್ಪಾಗಿತ್ತು. ಸಂಪಾದಕರಿಗೆ ತಿಳಿಯುವ ಮೊದಲೇ ನನ್ನನ್ನು ಕರೆದು, ಪಕ್ಕದಲ್ಲಿ ಕೂರಿಸಿಕೊಂಡು, ತಿದ್ದುಪಡಿಯನ್ನು ನನ್ನ ಕೈಯಿಂದಲೇ ಬರೆಸಿದರು. ಆ ಉಪಕಾರವನ್ನು ನಾನು ಮರೆತಿಲ್ಲ.

ಒಂದು ನಿಯಮವನ್ನು ಮಾತ್ರ ಅವರು ಎಂದೂ ಸಡಿಲಿಸಲಿಲ್ಲ: ಪ್ರತಿ ಚಿತ್ರಕ್ಕೂ ವಿವರಣೆ ಇರಬೇಕು. ಕಣ್ಣು ಕಾಣದವರಿಗೆ ಫೋನು ಪುಟವನ್ನು ಓದಿ ಹೇಳುತ್ತದೆ; ಚಿತ್ರ ಬಂದಾಗ ಅದಕ್ಕೆ ಜೋಡಿಸಿದ ವಿವರಣೆಯನ್ನು ಓದುತ್ತದೆ. ವಿವರಣೆ ಇಲ್ಲದ ಚಿತ್ರ ಅವರ ಪಾಲಿಗೆ ಇಲ್ಲವೇ ಇಲ್ಲ. ನಮ್ಮಲ್ಲಿ ಸತ್ತವರ ಸ್ಮರಣೆಯನ್ನು ನಲವತ್ತನೆಯ ದಿನ, ಆರನೆಯ ತಿಂಗಳು, ಮೊದಲ ವರ್ಷ ಎಂದು ಮತ್ತೆ ಮತ್ತೆ ಫೋಟೊ ಸಹಿತ ಪ್ರಕಟಿಸುವುದರಿಂದ ಆ ಪುಟದಲ್ಲಿ ದಿನವೂ ಹತ್ತಾರು ಮುಖಗಳಿರುತ್ತವೆ. ಪ್ರತಿಯೊಂದಕ್ಕೂ ಅವರೇ ಬರೆಯುತ್ತಿದ್ದರು. ನಿವೃತ್ತಿ ಹತ್ತಿರವಾದಾಗ ಇದನ್ನು ಮುಂದುವರಿಸಲು ಯಾರೂ ಸಿಗಲಿಲ್ಲ. ಚಿತ್ರ ನೋಡಿ ತಾನೇ ವಿವರಣೆ ಬರೆಯುವ ಹೊಸ ಯಂತ್ರವನ್ನು ಸೆಪ್ಟೆಂಬರ್‌ನಲ್ಲಿ ಶಿಫಾರಸು ಮಾಡಿದವರು ಸ್ವತಃ ಅವರೇ. ನಿವೃತ್ತಿಯ ದಿನ ಅವರು ಕೊಡುವ ವರದಿಯ ಮೇಲೆ ಯಂತ್ರದ ಅಳಿವು ಉಳಿವು ನಿಂತಿತ್ತು.

ಗೆರ್ಗೊವ್ ಅವರ ನಲವತ್ತನೆಯ ದಿನದ ಚಿತ್ರಕ್ಕೆ ಆ ಯಂತ್ರ ಬರೆದದ್ದು: "ಬೂದು ಕೋಟಿನಲ್ಲಿ ನಗುತ್ತಿರುವ ವೃದ್ಧ."

"ನಲವತ್ತಾರು ವರ್ಷ ಸಂಸಾರ ಮಾಡಿದೀನಮ್ಮ," ಎಂದರು ರಾಯ್ನಾ. "ಕ್ಯಾಮೆರಾ ಮುಂದೆ ಆ ಮನುಷ್ಯ ಹಲ್ಲು ಬಿಟ್ಟಿದ್ದು ನಾನಂತೂ ಕಂಡಿಲ್ಲ. ನನ್ನ ಕಣ್ಣು ಹೋಗಿ ಹತ್ತೊಂಬತ್ತು ವರ್ಷ ಆಯ್ತು. ಆಮೇಲೆ ನಗೋಕೆ ಶುರು ಮಾಡಿದ್ರಾ? ನನಗೆ ಯಾರೂ ಹೇಳಲೇ ಇಲ್ವಲ್ಲ."

ಗುರುತಿನ ಚೀಟಿಗೆಂದು ನಾಲ್ಕು ವರ್ಷದ ಹಿಂದೆ ತೆಗೆದ ಫೋಟೊ ಅದು. ನೋಡಿ ಹೇಳುತ್ತೇನೆಂದು ಫೋನ್ ಇಟ್ಟ ನೆವೆನಾ ಅವರು ಚಿತ್ರವನ್ನು ದೊಡ್ಡದು ಮಾಡಿ ನಮ್ಮನ್ನು ಕರೆದರು. ನನಗೆ ನಗುವಂತೆ ಕಂಡಿತು. ಛಾಯಾಗ್ರಾಹಕ ಪ್ಲಾಮೆನ್ ಒಪ್ಪಲಿಲ್ಲ.

"ಇದು ನಗು ಅಲ್ಲ ನೆವೆನಾ ಅಕ್ಕ. ಬೇಗ ಮುಗಿಸಯ್ಯ ಅನ್ನೋ ಮುಖ. ದಿನಾ ನೋಡ್ತೀನಿ."

"ನಿನ್ನ ಎದುರು ಕೂತವರದೆಲ್ಲ ಅದೇ ಮುಖ ಬಿಡು," ಎಂದರು ಅವರು. ಆದರೆ ನಗುವೋ ಅಲ್ಲವೋ ಎಂದು ಅವರಿಗೂ ಗೊತ್ತಾಗಲಿಲ್ಲ. ಚಿತ್ರದಲ್ಲಿ ಇರುವುದನ್ನಷ್ಟೇ ಬರೆಯಬೇಕು ಎಂಬುದು ಅವರು ಅಷ್ಟು ವರ್ಷ ಪಾಲಿಸಿದ ನಿಯಮ. ಏನಿದೆ ಎಂದು ನೋಡುವವರಿಗೇ ತಿಳಿಯದಿದ್ದರೆ ಏನು ಮಾಡಬೇಕೆಂದು ಅದರಲ್ಲಿ ಇರಲಿಲ್ಲ. ಯಂತ್ರವನ್ನು ತಪ್ಪೆನ್ನಲೂ ಅವರಿಗೆ ಆಧಾರ ಸಿಗಲಿಲ್ಲ. ಮಧ್ಯಾಹ್ನದ ಊಟಕ್ಕೂ ಏಳದೆ, ನಾಲ್ಕು ಸಲ ಬರೆದು ಅಳಿಸಿ, ಮೂರು ಗಂಟೆಗೆ ರಾಯ್ನಾ ಅವರಿಗೆ ಫೋನ್ ಮಾಡಿ ಓದಿದರು: "ಬೂದು ಕೋಟು, ಕುತ್ತಿಗೆಯವರೆಗೆ ಗುಂಡಿ ಹಾಕಿದ ಅಂಗಿ. ತುಟಿ ಮುಚ್ಚಿದೆ, ಎಡತುದಿ ಸ್ವಲ್ಪ ಮೇಲಕ್ಕಿದೆ. ನಗುತ್ತಿದ್ದಾರೋ ಇಲ್ಲವೋ, ಮೂವರು ನೋಡಿದರೂ ತೀರ್ಮಾನವಾಗಲಿಲ್ಲ."

"ಅಂದ್ರೆ ನಿಮಗೂ ಗೊತ್ತಿಲ್ಲ."

"ಗೊತ್ತಿಲ್ಲಮ್ಮ."

"ಹಾಗೇ ಇರ್ಲಿ ಬಿಡಿ. ಅವರ ವಿಷಯದಲ್ಲಿ ನನಗೂ ಗೊತ್ತಿದ್ದು ಅಷ್ಟೇ."

ನಿವೃತ್ತಿಯ ದಿನವಾದ 2025ರ ಮಾರ್ಚ್ 31ರಂದು ಅವರು ಸಲ್ಲಿಸಿದ ವರದಿ ಒಂದೇ ಪುಟದ್ದು. ಉಳಿದ ಚಿತ್ರಗಳಿಗೆ ಯಂತ್ರವಿರಲಿ, ಸ್ಮರಣೆಯ ಪುಟಕ್ಕೆ ಮನುಷ್ಯರೇ ಬರೆಯಲಿ ಎಂದಿತ್ತು. ಕೆಳಗೆ, ಇದು ಸರಿಯೇ ಎಂದು ತಮಗೆ ಖಚಿತವಿಲ್ಲ ಎಂದೂ ಇತ್ತು. ಪ್ರಧಾನ ಸಂಪಾದಕರು ಒಪ್ಪಿ, "ಬರೆಯೋರು ಯಾರು?" ಎಂದು ಕೇಳಿದರು. ಅಷ್ಟರಲ್ಲಿ ಬೀಳ್ಕೊಡುಗೆಯ ಕೇಕು ಕತ್ತರಿಸುವ ಹೊತ್ತಾಯಿತು.

ತಿಳಿಯದ್ದನ್ನು ತಿಳಿಯದೆಂದು ಬರೆಯುವ ಧೈರ್ಯವನ್ನು ನಮಗೆ ಕಲಿಸಿದ ಈ ಹಿರಿಯರಿಗೆ ದೀರ್ಘವಾದ ಆಯುಸ್ಸೂ ಆರೋಗ್ಯವೂ ಒದಗಲಿ, ಅವರ ಗೊಂದಲಗಳ ಫಲ ಇನ್ನೂ ಬಹುಕಾಲ ಓದುಗರಿಗೆ ದಕ್ಕಲಿ ಎಂದು ಹಾರೈಸುತ್ತೇನೆ.

ಏಪ್ರಿಲ್ 1, ಮಂಗಳವಾರ, ಬೆಳಿಗ್ಗೆ ಎಂಟೂವರೆಗೆ ಅವರು ಕಚೇರಿಗೆ ಬಂದರು. ಅಂದು ಸ್ಮರಣೆಯ ಪುಟದಲ್ಲಿ ಹದಿನಾಲ್ಕು ಚಿತ್ರಗಳಿದ್ದವು. ಹನ್ನೊಂದು ಗಂಟೆಗೆ ಎಲ್ಲಕ್ಕೂ ವಿವರಣೆ ಬರೆದು ಮುಗಿಸಿ ಮನೆಗೆ ಹೋದರು.