ಜಗಳಕ್ಕಿಂತ ಹಳೇ ಬ್ಯಾಕಪ್

ಅಯ್ಯೋ, ನನ್ನ ಮನಿಗೆ ನಾನೇ ಕೀಲಿ ಹಾಕ್ಕೊಂಡು ಹೊರಗ ನಿಂತೆ ನೋಡ್ರಿ! ಮನಿ ಅಂದ್ರ ಇಟ್ಟಂಗಿ ಮನಿ ಅಲ್ಲ, ಟ್ಯಾಬ್ಲೆಟ್ಟು. ಕಳ್ಳರು ಒಳಗ ಹೊಕ್ಕೋಬಾರದಂದ್ರ ಲಾಕಿನ ನಂಬರು ಆಗಾಗ ಬದಲಿ ಮಾಡ್ರಿ ಅಂತ ಪೇಪರಿನ್ಯಾಗ ಓದಿದೆ. ಓದಿದ್ದೇ ತಡ, ಗಾಬರಿ ಬಿದ್ದು, ಕೈಯಾಗಿನ ಚಹಾ ಆರಾಕ ಬಿಟ್ಟು ಹೊಸಾ ನಂಬರು ಇಟ್ಟೆ. ಯಾರ ತಲಿಗೂ ಹೊಳೀಬಾರದು ಅಂತ ಭಾಳ ವಿಚಾರ ಮಾಡಿ ಇಟ್ಟ ನಂಬರದು. ಖರೇನೇ ಯಾರ ತಲಿಗೂ ಹೊಳೀಲಿಲ್ಲ. ಮರುದಿನ ಮುಂಜಾನೆ ನನ್ನ ತಲಿಗೂ ಹೊಳೀಲಿಲ್ಲ.

ನನ್ನ ಹೆಂಡತಿ ಸರೋಜಾ ನಗಾಕ ಹತ್ತಿದಳು. "ಹುಡುಗ್ರಿಗೆ ಜಗತ್ತಿನ ರಾಜಧಾನಿ ಎಲ್ಲಾ ಬಾಯಿಪಾಠ ಮಾಡಿಸಿದ ಭೂಗೋಳ ಮಾಸ್ತರಿಗೆ ತಮ್ಮ ನಾಕು ಅಂಕಿ ನೆಪ್ಪಿಲ್ಲಂತ!" ಅಂದಳು. ನಗಲಿ ಬಿಡ್ರಿ. ರಿಟೈರ್ ಆದ ಮಾಸ್ತರನ್ನ ನೋಡಿ ನಗಾಕ ಯಾರಿಗೂ ಪರವಾನಗಿ ಬೇಕಾಗಿಲ್ಲ.

ಬೆಟಗೇರಿಯಿಂದ ಆಟೋ ಹಿಡಿದು ಗದಗಿನ ಬಸ್‌ಸ್ಟ್ಯಾಂಡ್ ಹತ್ರ ಒಂದು ಮೊಬೈಲ್ ರಿಪೇರಿ ಅಂಗಡಿಗೆ ಹೋದೆ. ಅಂಗಡಿಯಾಂವ ಅದನ್ನ ಹೊಳ್ಳಿಸಿ ಮಳ್ಳಿಸಿ ನೋಡಿ, "ಎಲ್ಲಾ ಅಳಿಸಿ ಹೊಸಾದರ ಹಂಗ ಮಾಡಬೇಕಾಗ್ತೈತ್ರಿ. ಬ್ಯಾಕಪ್ ಐತೇನ್ರಿ?" ಅಂದ. ಆಪರೇಶನ್ನಿಗೆ ಮಲಗಿಸಿ, ಮೃತ್ಯುಪತ್ರ ಬರದಿಟ್ಟೀರೇನು ಅಂತ ಡಾಕ್ಟರು ಕೇಳಿದಂಗಾತು ನನಗ. ಪುಣ್ಯಾಕ ಬ್ಯಾಕಪ್ ಇತ್ತು. ಆದ್ರ ಅದು ಎರಡು ವರ್ಷಕ್ಕಿಂತ ಹಳೇದು! ಜಾಗ ತುಂಬೇತಿ, ಬ್ಯಾಕಪ್ ನಿಂತೇತಿ ಅಂತ ಅದು ಪಾಪ ಮ್ಯಾಲಿಂದ ಮ್ಯಾಲ ಹೇಳಿತ್ತಂತ. ನಾನು ನೊಣ ಓಡಿಸಿದಂಗ ಆ ಸುದ್ದಿನ ಬಾಜೂಕ ಸರಿಸಿಕೋತ ಬಂದಿದ್ದೆ.

"ಇದ್ದದ್ದು ಬರ್ತೈತ್ರಿ" ಅಂದ ಅಂಗಡಿಯಾಂವ. ಏನಿದ್ದದ್ದು? ಬಂದದ್ದು ನೋಡಿ ನಾನು ಬೆಪ್ಪಾದೆ. ಅಕ್ಷರ ಎಷ್ಟು ದಪ್ಪ ಕಾಣಬೇಕು ಅನ್ನೋದು ಬಂತು. ಪರದೆ ಹಿಂದಿನ ಗುಲಾಬಿ ಹೂವಿನ ಚಿತ್ರ ಬಂತು. ಒಮ್ಮೆ ಹಾಕ್ಕೊಂಡು ಮರತ ಯೋಗಾಸನದ ಆ್ಯಪು ಸೈತ "ನಾ ಬಂದೆ" ಅಂತ ತನ್ನ ಹೆಸರು ತೋರಿಸ್ತು. ಬರಲಾರದ್ದು ಯಾವುದಂದ್ರ, ಬಿಸಲಾಗ ಅಡ್ಡಾಡಿ ಲಕ್ಷ್ಮೇಶ್ವರದ ಶಾಸನಗಳ ಮ್ಯಾಲ ನಾನು ಬರಕೊಂಡ ಟಿಪ್ಪಣಿ. ಎಲ್ಲಾ ಹೋತು! ಗುಲಾಬಿ ಹೂವು ಉಳೀತು, ನನ್ನ ವಿದ್ವತ್ತು ಹೋತು. ಇದೆಂಥಾ ನ್ಯಾಯ ಅಂತೀನಿ.

ಸಿಟ್ಟು ಇಳಿದ ಮ್ಯಾಲ ಅನಿಸ್ತು, ಶಾಸನಗಳಾದ್ರೂ ಏನು ಉಳಿಸ್ಯಾವ? ಇಂಥಾವರು ಇಷ್ಟು ಭೂಮಿ ದಾನ ಕೊಟ್ರು, ಅದರ ಎಲ್ಲೆ ಇಲ್ಲಿಂದ ಅಲ್ಲೀತನ, ಇದನ್ನ ಕೆಡಿಸಿದವರಿಗೆ ಗೋವು ಕೊಂದ ಪಾಪ. ಅಷ್ಟ. ಅದನ್ನ ಕೆತ್ತಿದಾಂವ ಅವತ್ತು ಯಾರ ಜೋಡಿ ಜಗಳಾ ಮಾಡ್ಕೊಂಡು ಬಂದಿದ್ದ, ಉಳಿ ಹಿಡಿದ ಕೈ ಅದಕ್ಕ ನಡುಗಿತ್ತೋ ಏನೋ, ಅದ್ಯಾವದೂ ಇಲ್ಲ. ಕಲ್ಲಿಗೆ ಅದರ ಹಂಗಿಲ್ಲ.

ನಮ್ಮ ಅಜ್ಜನ ಊರು ಮುಂಡರಗಿ ಕಡೆ. ಅವರ ಮನಿ ಮುಂದ ಹಗೇವು ಇತ್ತು. ನೆಲದಾಗ ಬಾವಿಯಂಥಾ ತೆಗ್ಗು ತಗದು, ಜೋಳ ತುಂಬಿ, ಬಾಯಿ ಮುಚ್ಚಿಬಿಡೋದು. ವರ್ಷಗಟ್ಟಲೆ ಆದ ಮ್ಯಾಲ ತಗದ್ರ ಅಂಚಿನ ಜೋಳ ಮುಗ್ಗಿರ್ತಿತ್ತು, ನಡುವಿಂದು ಚಲೋ ಇರ್ತಿತ್ತು. ಬಾಯಿ ತಗದ ಕೂಡ್ಲೇ ಮಾತ್ರ ಯಾರನ್ನೂ ಒಳಗ ಇಳಿಸ್ತಿರಲಿಲ್ಲ. ಕೆಟ್ಟ ಗಾಳಿ ಇರ್ತೈತಂತ, ಮೊದಲ ದೀಪಾ ಇಳಿಸಿ ನೋಡ್ತಿದ್ರು. ಹಳೇದನ್ನ ತೆಗಿಯೋ ಮುಂದ ಅಷ್ಟು ಎಚ್ಚರ ಬೇಕಂತ ಅಜ್ಜಗ ತಿಳಿದಿತ್ತು. ನಾನು ಮಾತ್ರ ಯಾವ ಎಚ್ಚರಾನೂ ಇಲ್ಲದ ಟ್ಯಾಬ್ಲೆಟ್ಟು ಬಗಲಾಗ ಇಟ್ಕೊಂಡು ಮನಿಗೆ ಬಂದೆ.

ಮನಿಯಾಗ ಇಂಟರ್‌ನೆಟ್ಟು ಇರಲಿಲ್ಲ. ನಮ್ಮ ಓಣ್ಯಾಗ ಗಟಾರ ತೋಡೋರು ನಮ್ಮ ವೈರು ಹರದು ಒಗದಿದ್ರು. ಹಿಂಗಾಗಿ ಟ್ಯಾಬ್ಲೆಟ್ಟು ಸುಮ್ನೆ ಬಿದ್ದಿರ್ತೈತಿ ಅಂತ ಪಡಸಾಲಿ ಗ್ವಾಡಿಗೆ ಆನಿಸಿಟ್ಟು ರೊಟ್ಟಿ ಉಣ್ಣಾಕ ಕುಂತೆ. ಎರಡು ತುತ್ತು ಉಂಡಿಲ್ಲ, ಟಿಣ್ ಅಂತು. ಮತ್ತ ಟಿಣ್ ಟಿಣ್. ಆ್ಯಪುಗಳು ಒಂದರ ಹಿಂದ ಒಂದು ಬಂದು ಕುಂಡ್ರಾಕ ಹತ್ತಿದ್ವು. ವೈರಿಲ್ಲ, ಇಂಟರ್‌ನೆಟ್ಟಿಲ್ಲ, ಇದಕ್ಕ ಎಲ್ಲಿಂದ ಬರಾಕ ಹತ್ತೈತಿ? ಎಂಜಲ ಕೈಲೇ ಎದ್ದು ಹೋಗಿ ನೋಡಿದೆ. ಮ್ಯಾಲ ಬರದಿತ್ತು: "ದಸ್ತಗೀರ್ ಮನಿ" ವೈಫೈ ಕೂಡೈತಿ.

ಎದಿ ಧಸಕ್ಕಂತು.

ಯಾಕಂತ ಹೇಳ್ತೀನಿ. ದಸ್ತಗೀರಣ್ಣ ನಮ್ಮ ಗ್ವಾಡಿಗೆ ಹತ್ತಿದ ಮನಿಯಾವ್ರು. ಕೈಮಗ್ಗದಾವ್ರಿಗೆ ನೂಲು ಮಾರೋ ವ್ಯಾಪಾರ ಅವರದು. ಅವರಿಗೂ ನನಗೂ ಇಡೀ ಓಣಿ ಹೊಟ್ಟಿಕಿಚ್ಚು ಪಡುವಂಥಾ ದೋಸ್ತಿ ಇತ್ತು. ಮುಂಜಾನೆ ತಿರುಗ್ಯಾಡಾಕ ಜೋಡಿ, ಸಂಜೀಕ ಚಹಾಕ್ಕ ಜೋಡಿ, ಶಿರಹಟ್ಟಿಗೆ ಅವರ ಬೀಗರ ಮನಿ ಕಾರ್ಯಕ್ಕೂ ಜೋಡಿ. ಆಗ ನಮ್ಮ ಮನಿಗೆ ಬ್ಯಾರೆ ವೈಫೈ ಇರಲಿಲ್ಲ, ಅವರದೇ ಗ್ವಾಡಿ ದಾಟಿ ಬರ್ತಿತ್ತು. "ಗಾಳಿಗೇನು ಬಾಡಿಗಿ ಮಾಸ್ತರ, ಬಳಸ್ರಿ" ಅಂತಿದ್ರು.

ಅಂಥಾ ದೋಸ್ತಿ ಮುರದದ್ದು ಯಾವದಕ್ಕ ಗೊತ್ತೇನ್ರಿ? ಬಿಂಕದಕಟ್ಟಿ ಝೂದಾಗ ಮಲಗಿದ್ದ ಒಂದು ಪ್ರಾಣಿ ಸಲುವಾಗಿ! ಮೊಮ್ಮಕ್ಕಳನ್ನ ಕರಕೊಂಡು ಹೋಗಿದ್ವಿ. ಅದು ಗಿಡದ ನೆರಳಾಗ ಮುದ್ದಿಯಾಗಿ ಮಲಗಿತ್ತು, ಕಾಣೋದು ಬರೇ ಬೆನ್ನು. ಅವರು ತ್ವಾಳ ಅಂದ್ರು, ನಾನು ನರಿ ಅಂದೆ. ಅವರು ತಮ್ಮ ಹೊಲದ ತ್ವಾಳದ ಸಾಕ್ಷಿ ತಂದ್ರು, ನಾನು ಪಾಠ ಶುರು ಮಾಡಿದೆ. ಅಪರಿಚಿತ ಮಂದಿ ಸೈತ ನಿಂತು ಕೇಳಾಕ ಹತ್ತಿದ್ರು. "ನಿಮಗ ಪುಸ್ತಕದ ಪ್ರಾಣಿ ಅಷ್ಟ ಗೊತ್ತು" ಅಂದ್ರು ಅವರು. "ನಿಮಗ ನೂಲಿನುಂಡಿ ಅಷ್ಟ ಗೊತ್ತು" ಅಂದೆ ನಾನು. ಆ ಪ್ರಾಣಿ ಕಡೀತನ ಎದ್ದು ಮಾರಿ ತೋರಿಸಲಿಲ್ಲ. ಜಗಳಾ ಮನಿತನ ಬಂತು. ಓಣಿಗೆಲ್ಲಾ ಕೇಳೋಹಂಗ "ಇವತ್ತ ವೈಫೈ ಪಾಸ್‌ವರ್ಡ್ ಬದಲಿ ಮಾಡ್ತೀನಿ" ಅಂತ ಅವರು ಒದರಿದ್ರು. "ಯಾರಿಗೆ ಬೇಕಾಗೇತಿ" ಅಂತ ನಾನೂ ಒದರಿ, ಅವರೆದುರೇ ಟ್ಯಾಬ್ಲೆಟ್ಟಿನಿಂದ ಅವರ ವೈಫೈ ತಗದು ಹಾಕಿ, ಮರುದಿನ ನಮ್ಮದೇ ಕನೆಕ್ಷನ್ ಹಾಕಿಸಿದೆ.

ಮಾತು ಬಿಟ್ವಿ ನೋಡ್ರಿ, ಬಿಟ್ಟೇ ಬಿಟ್ವಿ, ಎರಡು ವರ್ಷ ಆಗಾಕ ಬಂತು. ಅವರ ಕಣ್ಣಿನ ಆಪರೇಶನ್ ಆದ ಖಬರ ನನಗ ಹತ್ತಿದ್ದು ಹಾಲಿನವನಿಂದ. ನಡುವ ಒಂದ ಗ್ವಾಡಿ, ಖಬರ ಮಾತ್ರ ಊರೆಲ್ಲಾ ಸುತ್ತಿ ಬಂತು. ಅವತ್ತು ಹೋಗಬೇಕಾಗಿತ್ತು, ಹೋಗಲಿಲ್ಲ. ಅವರೂ ನಮ್ಮ ಮನಿ ಕಡೆ ನೋಡಲಿಲ್ಲ. ಒಬ್ಬನೇ ತಿರುಗ್ಯಾಡಿ ಬಂದು ಚಹಾ ಕುಡಿಯೋ ಮುಂದ, ಇದೇನು ಚಹಾನೋ ಬಿಸಿನೀರೋ ಅನಿಸ್ತಿತ್ತು. ಸರೋಜಾಗ ಹೇಳಲಿಲ್ಲ, ನಿಮಗ ಹೇಳ್ತೀನಿ.

ಈಗ ನೋಡಿದ್ರ ಟ್ಯಾಬ್ಲೆಟ್ಟಿಗೆ ಈ ಯಾವ ಸುದ್ದೀನೂ ಗೊತ್ತಿಲ್ಲ! ಅದರ ಬ್ಯಾಕಪ್ ನಮ್ಮ ಜಗಳಕ್ಕಿಂತ ಮೊದಲಿಂದು. ಅದರ ಪಾಲಿಗೆ ನಾವಿಬ್ಬರೂ ಇನ್ನೂ ದೋಸ್ತರು. ಹಳೇ ಪಾಸ್‌ವರ್ಡ್ ಹಿಡಕೊಂಡು, ಕರೀದಿದ್ರೂ ಹೋಗಿ ಅವರ ಮನಿ ಹೊಕ್ಕೈತಿ. ಅದು ಹೋಗಲಿ, ತಿಳೀಲಾರದ ಯಂತ್ರ. ನಾನು ಬೆಚ್ಚಿ ಬಿದ್ದದ್ದು ಬ್ಯಾರೇದಕ್ಕ. ಹಳೇ ಪಾಸ್‌ವರ್ಡ್ ಹಿಡಕೊಂಡು ಹೋದ್ರ ಅವರ ಮನಿ ಬಾಗಿಲಾ ತೆರೀತಲ್ಲ! ಬದಲಿ ಮಾಡ್ತೀನಂತ ಓಣಿಗೆಲ್ಲಾ ಸಾರಿದ ಮನಷಾ ಬದಲಿ ಮಾಡೇ ಇಲ್ಲೇನು? ಇಷ್ಟು ದಿನ?

"ಅಷ್ಟ್ಯಾಕ ಬೆವರ್ತೀರಿ," ಅಂದಳು ಸರೋಜಾ. "ಅವರಿಗೆ ಅದನ್ನ ಬದಲಿ ಮಾಡಾಕ ಬರಂಗಿಲ್ಲ ಅಷ್ಟ. ಎಲ್ಲಾ ಕೂಡಿಸಿಕೊಟ್ಟಾವ್ರು ನೀವಲ್ಲೇನು?"

ಹೌದಲ್ಲ ಅನಿಸ್ತು. ಅವರಿಗೆ ಪಾಸ್‌ವರ್ಡ್ ಇಟ್ಟುಕೊಟ್ಟಾಂವ ನಾನೇ. ಆದ್ರ ಹಂಗ ಅನಿಸಿದ್ದೇ ತಡ ನನಗ ಸಂಕಟ ಆತು. ಬದಲಿ ಮಾಡಾಕ ಬರಲಾರದ್ದಕ್ಕ ಉಳಿದಿದ್ರ ಅದು ಬರೇ ಮರವು. ಬ್ಯಾಡ ಅಂತ ಬಿಟ್ಟಿದ್ರ ಅದು ಬ್ಯಾರೆ ಮಾತು. ಎರಡರಾಗ ಯಾವುದು? ಟ್ಯಾಬ್ಲೆಟ್ಟಿನ ಕಡೆ ನೋಡಿದೆ. ಅದು ತನ್ನ ಪಾಡಿಗೆ ತಾನು ದಸ್ತಗೀರಣ್ಣನ ಮನಿಯಿಂದ ಯೋಗಾಸನ ಎಳಕೊಂತ ಕುಂತಿತ್ತು.

ಊಟ ಅಲ್ಲೇ ಬಿಟ್ಟೆ. ಕೈ ತೊಳಕೊಂಡು, ಟ್ಯಾಬ್ಲೆಟ್ಟು ಹಿಡಕೊಂಡೇ ಹೊಂಟೆ. ಹೆಜ್ಜಿ ಹೆಜ್ಜಿಗೂ ಹೊಳ್ಳಿ ಬರಬೇಕನಿಸ್ತಿತ್ತು. ಬಾಗಿಲಾ ತಗೀದಿದ್ರ? ತಗದು "ಯಾರು ಬೇಕಾಗಿತ್ರಿ?" ಅಂದುಬಿಟ್ರ?

ಬಾಗಿಲಾ ತಗದವ್ರು ದಸ್ತಗೀರಣ್ಣನೇ. ಸೊರಗಿದ್ರು. ಕಣ್ಣಿಗೆ ಹೊಸಾ ಚಸ್ಮಾ. ನನ್ನ ಮಾರಿ ನೋಡಿದ್ರು, ಕೈಯಾಗಿನ ಟ್ಯಾಬ್ಲೆಟ್ಟು ನೋಡಿದ್ರು. ಬರೋ ಮುಂದ ಹೊಂದಿಸಿಕೊಂಡ ಮಾತು ಎಲ್ಲಾ ಹಾರಿಹೋಗಿತ್ತು. "ನಿಮ್ಮ ವೈಫೈ ಇದಕ್ಕ ಕೂಡೈತ್ರಿ. ನಾ ಕೂಡಿಸಿಲ್ಲ, ಅದೇ ಕೂಡೈತಿ" ಅಂದೆ. ಶಾಲ್ಯಾಗ ತಪ್ಪು ಮಾಡಿ ಸಿಕ್ಕ ಹುಡುಗ್ರು ನನ್ನ ಮುಂದ ಹಿಂಗ ತೊದಲ್ತಿದ್ರು.

"ಕೂಡ್ಲಿ ಬಿಡ್ರಿ" ಅಂದ್ರು.

"ಪಾಸ್‌ವರ್ಡ್ ಬದಲಿ ಮಾಡ್ತೀನಿ ಅಂದಿದ್ರೆಲ್ಲ?"

"ಮಾಡಾಕ ಕುಂತಿದ್ನೆಲ್ಲ, ಅವತ್ತೇ ಸಂಜೀಕ. ಮೊದಲ ಹಳೇದು ಹೇಳು ಅಂತ ಕೇಳ್ತು. ಅದು ಇಟ್ಟಾವ್ರು ನೀವು. ನಿಮ್ಮನ್ನೇ ಕೇಳಬೇಕಾಗಿತ್ತು, ಮಾತು ಬಿಟ್ಟಿದ್ವಲ್ಲ."

ನನಗ ನಗು ಬಂತು. ಸರೋಜಾ ಹೇಳಿದ್ದೇ ಖರೆ, ಬರಲಾರದ್ದಕ್ಕ ಉಳದೈತಿ. ಅಷ್ಟಕ್ಕ ಸುಮ್ನಾಗಬೇಕೋ ಬ್ಯಾಡೋ? ಮಾಸ್ತರಕಿ ಮಾಡಿದ ಬಾಯಿ ಸುಮ್ನಿರ್ತೈತೇನು. "ಅಲ್ರೀ ದಸ್ತಗೀರಣ್ಣ, ವೈಫೈ ಕಂಪನಿಯಾಂವನ್ನ ಕರಸಿದ್ರ ಚಣದಾಗ ಮಾಡಿಕೊಡ್ತಿದ್ದನಲ್ಲ?" ಅಂದೆ.

ದಸ್ತಗೀರಣ್ಣ ಚಸ್ಮಾ ತಗದು, ಅಂಗಿ ತುದೀಲೆ ಒರಸಾಕ ಹತ್ತಿದ್ರು.

"ಕರಸಿದ್ದೆ. ಬಂದಿದ್ದ" ಅಂದ್ರು. "ಚಹಾ ಕುಡಿಸಿ ಕಳಿಸಿಬಿಟ್ಟೆ."

ನಾನು ಅವರ ಹೊಸ್ತಿಲ ಮ್ಯಾಲೇ ಕುಂತುಬಿಟ್ಟೆ.