ಅಪ್ಪ ಕಂಡ ಕಿವಿ

ನನ್ನ ಚಿಕ್ಕಪ್ಪ ಹೋಟೆಲೊಂದರಲ್ಲಿ ಟೆಲಿಫೋನ್ ಆಪರೇಟರ್ ಆಗಿದ್ದವರು. ಮೆಟ್ಟಿಲ ಕೆಳಗಿನ ಕಿಟಕಿಯಿಲ್ಲದ ಕೋಣೆಯಲ್ಲಿ ಕೂತು, ಎಡಗಿವಿಗೆ ರಿಸೀವರ್ ಒತ್ತಿಕೊಂಡು, ರೂಮಿನಿಂದ ರೂಮಿಗೆ ಲೈನ್ ಕೊಡುತ್ತಲೇ ಆಯುಷ್ಯ ಕಳೆದರು. ಮನೆಮಂದಿಗೆಲ್ಲ ಅವರು ‘ಹಲೋ ಚಿಕ್ಕಪ್ಪ’. ಫೋನಿನ ವಿಷಯಕ್ಕೆ ಯಾರಾದರೂ ಬಾಯಿ ಹಾಕಿದರೆ ಮೈಮೇಲೇ ಬೀಳುವರು. ಜಂಭ ಅಂದರೆ ಅಷ್ಟಿಷ್ಟಲ್ಲ.

ಅಪ್ಪ ಆಸ್ಪತ್ರೆ ಸೇರಿದಾಗ ಈ ಮಹಾನುಭಾವರು ಬಚ್ಚಲಲ್ಲಿ ಜಾರಿ, ಕಾಲು ಮುರಿದುಕೊಂಡು, ಬೇರೆ ಊರಲ್ಲಿ ಮಲಗಿದ್ದರು. ಅಪ್ಪನ ಗಂಟಲಿಗೆ ಪೈಪು ಹಾಕಿದ್ದರಿಂದ ಮಾತು ನಿಂತಿತ್ತು. ಡಾಕ್ಟರು ಕೈಚೆಲ್ಲಿದ್ದರು. ನನ್ನ ಅಂಗೈ ಮೇಲೆ ಬೆರಳಿನಿಂದ ಅಪ್ಪ ಬರೆದದ್ದು ಒಂದೇ: ತಮ್ಮನ ಮುಖ ನೋಡಬೇಕು.

ಚಿಕ್ಕಪ್ಪನಿಗೆ ಮೊದಲು ಮಾಮೂಲಿ ಕಾಲ್ ಮಾಡಿ ಪಾಠ ಶುರು ಮಾಡಿದೆ.

“ವಿಡಿಯೋ ಕಾಲ್ ಬಂದಾಗ ಹಸಿರು ಗುಂಡಿ ಮೇಲಕ್ಕೆ ಎಳೀರಿ. ಫೋನನ್ನ ಮುಖದೆದುರು ಒಂದು ಮೊಳ ದೂರ ಹಿಡೀರಿ. ಕಿವಿಗೆ ಇಟ್ಕೋಬೇಡಿ.”

“ಏ ಹೋಗೇ! ನೀನು ತೊಟ್ಟಿಲಲ್ಲಿ ಉಚ್ಚೆ ಹುಯ್ಕೊಳ್ತಿದ್ದಾಗಲೇ ನಾನು ಫಾರಿನ್‌ಗೆ ಲೈನ್ ಹಾಕಿ ಕೊಟ್ಟೋನು. ನಂಗೆ ಫೋನ್ ಹಿಡಿಯೋದು ಹೇಳ್ಕೊಡ್ತೀಯಾ?”

“ಒಂದ್ಸಲ ಮಾಡಿ ನೋಡೋಣ, ಚಿಕ್ಕಪ್ಪ.”

“ಏನೂ ಬೇಡ. ಅಣ್ಣನ ಕೈಗೆ ಕೊಡು, ಸಾಕು.”

ಅಪ್ಪನ ದಿಂಬು ಎತ್ತರಿಸಿ, ಕನ್ನಡಕ ಒರೆಸಿ ಹಾಕಿ, ಕಾಲ್ ಮಾಡಿದೆ. ಮೊದಲು ಚಿಕ್ಕಪ್ಪನ ಕೋಣೆಯ ಸೂರು ಕಾಣಿಸಿತು. ಅಪ್ಪ ಮಾತಾಡಲಾರರಲ್ಲ, ಆ ಕಡೆಗೆ ಬರೀ ಮೌನ. ಅದನ್ನು ಹೇಳಿದ್ದರೂ ಮರೆತು, ಲೈನ್ ಕೆಟ್ಟಿದೆ ಎಂದುಕೊಂಡ ಆಪರೇಟರ್ ಫೋನನ್ನು ಕಿವಿಗೆ ಹಿಡಿದರು. ಪರದೆ ತುಂಬ ಕಿವಿ! ಬಿಳಿ ಕೂದಲು, ಗುಗ್ಗೆ, ಎಲ್ಲ ದೊಡ್ಡದಾಗಿ.

“ಚಿಕ್ಕಪ್ಪಾ, ಕಿವಿಯಿಂದ ತೆಗೀರಿ! ಅಪ್ಪ ನೋಡ್ತಿದಾರೆ!”

“ಮಧ್ಯ ಬಾಯಿ ಹಾಕ್ಬೇಡ್ವೇ, ನೀನು ಲೈನ್ ಬಿಡು! ಅಣ್ಣಾ, ಹೇಳಣ್ಣಾ, ಏನೂ ಕೇಳಿಸ್ತಿಲ್ಲ...”

ನಾನು ಕಿರುಚಿದ್ದು ಕೇಳಿ ನರ್ಸ್ ಓಡಿ ಬಂದು ಗದರಿದರು. ಅಪ್ಪ ಬೆರಳನ್ನು ಆ ಕಿವಿಯ ಮೇಲಿಟ್ಟರು. ಪಕ್ಕಕ್ಕೆ ತಳ್ಳಿದರೆ ಮುಖ ಸಿಕ್ಕೀತೇನೋ ಎಂದು ತಳ್ಳಿದರು, ಮತ್ತೆ ತಳ್ಳಿದರು. ಮಾರನೆಯ ದಿನ ಅಪ್ಪ ಇರಲಿಲ್ಲ.

ಕಾಲು ಕೂಡಿದ ಮೇಲೆ ಚಿಕ್ಕಪ್ಪ ಕೋಲೂರಿಕೊಂಡು ಮನೆಗೆ ಬಂದರು. “ಅಣ್ಣ ನನ್ನ ನೋಡಿ ನಕ್ನೇನೇ?” ಎಂದು ಕೇಳಿದರು.

“ನಿಮ್ಮನ್ನೆಲ್ಲಿ ನೋಡಿದ್ರು? ನಿಮ್ಮ ಕಿವಿ ನೋಡಿದ್ರು. ಗುಗ್ಗೆ ನೋಡ್ಕೊಂಡು ಸತ್ರು.”

“ಸಾಕು ಬಿಡೇ, ಇವರನ್ನೂ ಸಾಯಿಸ್ಬೇಡ” ಅಂದಳು ಅಮ್ಮ. ಚಿಕ್ಕಪ್ಪ ಎಡಗಿವಿಯನ್ನು ಅಂಗೈಯಲ್ಲಿ ಮುಚ್ಚಿಕೊಂಡು ಕೂತರು. ನನಗೆ ಅಯ್ಯೋ ಅನ್ನಿಸಲಿಲ್ಲ.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಈಗ ಅವರು ಕಲಿತಿದ್ದಾರೆ. ದಿನಾ ಸಂಜೆ ವಿಡಿಯೋ ಕಾಲ್ ಮಾಡುತ್ತಾರೆ. ತಲೆ ಬಾಚಿ, ಬೆಳಕಿಗೆ ಎದುರಾಗಿ ಕೂತು, ಸರಿಯಾಗಿ ಮೊಳ ದೂರ ಹಿಡಿದು, ಅಪ್ಪನದೇ ಮೂಗಿರುವ ಆ ಮುಖವನ್ನು ನಟ್ಟನಡುವೆ ತರುತ್ತಾರೆ.

“ಮುಖ ತೋರ್ಸೇ ತಾಯಿ. ನಿಂದು ಅಣ್ಣನ ಕಣ್ಣು ಕಣೇ” ಎಂದು ಅಂಗಲಾಚುತ್ತಾರೆ.

ನಾನು ಫೋನನ್ನು ಕಿವಿಗೆ ಇಟ್ಟುಕೊಳ್ಳುತ್ತೇನೆ. “ಹಲೋ, ಹೇಳಿ ಚಿಕ್ಕಪ್ಪ, ಕೇಳಿಸ್ತಿದೆ” ಎನ್ನುತ್ತೇನೆ.