ಕಾಕಾನಿಗೆ ಬಂದ ಮೊದಲ ಇ-ಮೇಲ್

ಇವತ್ತು ಘಟಪ್ರಭಾದ ರಿಪೇರಿ ಅಂಗಡಿಯಲ್ಲಿ ಹಳೆಯ ಮಾನಿಟರೊಂದನ್ನು ಚಾಲೂ ಮಾಡಿದಾಗ ಬಿಸಿ ಧೂಳಿನ ವಾಸನೆ ಬಂತು. ಕೂಡಲೇ ಮೂಡಲಗಿಯ ನಮ್ಮ ಪಡಸಾಲೆ ಕಣ್ಣಮುಂದೆ ಬಂದು ನಿಂತಿತು.

ಅಪ್ಪನ ತಮ್ಮ, ಮದುವೆಯಾಗದ ನಮ್ಮ ಕಾಕಾ, ಯಾವುದೋ ಆಫೀಸಿನವರು ಬೇಡವೆಂದ ಡಾಸ್ ಕಂಪ್ಯೂಟರನ್ನು ತಂದು ಅಲ್ಲಿಟ್ಟಿದ್ದ. ಅದು ತಾನಾಗಿಯೇ ಬೆಳಗಾವಿಯ ಇ-ಮೇಲ್ ಕೇಂದ್ರಕ್ಕೆ ಫೋನ್ ಹಚ್ಚುವಂಥ, ಎಂಗೇಜ್ ಬಂದರೆ ಮತ್ತೆ ಹಚ್ಚುವಂಥ ಪ್ರೋಗ್ರಾಮನ್ನು ತಿಂಗಳುಗಟ್ಟಲೆ ಕೂತು ಬರೆದ. ಮನೆಯ ಫೋನ್ ಲೈನಿಗೆ ಜೋಡಿಸಿದ್ದ ಮೋಡೆಮ್ ಕಿರುಚಿದಾಗಲೆಲ್ಲ ಅಜ್ಜಿ ಗದರುತ್ತಿದ್ದಳು, "ಬಂದ್ ಮಾಡೋ ಅದನ್ನ! ಹುಕ್ಕೇರಿಯಿಂದ ನಿಮ್ಮಕ್ಕನ ಫೋನ್ ಬರೋದೈತಿ."

ಒಂದು ಸಂಜೆ ಲೈನು ಕೂಡಿತು. ಕಾಕಾ ಕುರ್ಚಿಯಿಂದ ಎದ್ದೇಬಿಟ್ಟ. ಆಮೇಲೆ ಮೆಲ್ಲಗೆ ಕೂತು ನನ್ನನ್ನು ಕೇಳಿದ, "ಈಗ ಯಾರಿಗೆ ಬರಿಯೂಣು?"

ಮೂಡಲಗಿಯಲ್ಲಾಗಲಿ ಗೋಕಾಕದಲ್ಲಾಗಲಿ, ಇ-ಮೇಲ್ ವಿಳಾಸವಿದ್ದವರು ಒಬ್ಬರೂ ನಮಗೆ ಗೊತ್ತಿರಲಿಲ್ಲ. ಕಾಕಾ ತನ್ನ ವಿಳಾಸವನ್ನೇ ಹೊಡೆದ. ಅಂಚೆ ಕಾರ್ಡಿನಲ್ಲಿ ಬರೆಯುವ ಹಾಗೆಯೇ, ಆದರೆ ಇಂಗ್ಲಿಷ್ ಅಕ್ಷರಗಳಲ್ಲಿ, "ಇತ್ತ ಕಡೆ ನಾವೆಲ್ಲ ಕ್ಷೇಮ. ನಿಮ್ಮ ಕ್ಷೇಮಕ್ಕೆ ಪತ್ರ ಬರೆಯುತ್ತಿರಬೇಕು" ಎಂದು ಬರೆದು ಕಳಿಸಿದ.

ಮರುದಿನ ನಾನು ಶಾಲೆಯಿಂದ ಬಂದಾಗ ಕಾಕಾ ಅಜ್ಜಿಯನ್ನು ಕಂಪ್ಯೂಟರ್ ಮುಂದೆ ಕೂರಿಸಿಕೊಂಡಿದ್ದ.

"ಯವ್ವಾ, ನನಗ ಪತ್ರ ಬಂದೈತಿ ನೋಡು."

"ಯಾರದೋ?"

"ಬೆಳಗಾವಿ ಕಡೆಯವರದು" ಎಂದ, ನನ್ನ ಮುಖ ನೋಡದೆ. ಓದಿಯೂ ಹೇಳಿದ.

ಅಜ್ಜಿಗೆ ಸಂತೋಷವಾಯಿತು. "ಇಷ್ಟ್ ಕಾಳಜಿಲೆ ಕೇಳ್ಯಾರ. ಲಗೂನ ಉತ್ತರ ಬರಿ."

ಕಾಕಾ ಬರೆದ. ಮಾರನೆಯ ದಿನ ಅದಕ್ಕೂ ಉತ್ತರ ಬಂದಿತ್ತು.

ಇತ್ತ ರಿಪೇರಿ ಅಂಗಡಿಯವನು ಮಾನಿಟರ್ ಆರಿಸುತ್ತ, "ಈಗ ಇದನ್ನ ಯಾರ್ ಒಯ್ತಾರ್ರಿ?" ಎಂದ.

"ನನಗ ಕೊಡ್ರಿ" ಎಂದೆ.